ವಾಟ್ಸನ್ಸ್ ಹೋಟೆಲ್: ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದ ಕಟ್ಟಡ

ಮುಂಬೈನ ಕಾಲಾ ಘೋಡಾ. ಜಹಾಂಗೀರ್ ಆರ್ಟ್ ಗ್ಯಾಲರಿಗೆ ಬರುವವರೆಲ್ಲ ಈ ರಸ್ತೆಯಲ್ಲೇ ಓಡಾಡುತ್ತಾರೆ. ಗ್ಯಾಲರಿಯ ಎದುರು ಸಾಲಿನಲ್ಲಿ ಹಳದಿ ಕಲ್ಲಿನ ಡೇವಿಡ್ ಸಾಸೂನ್ ಲೈಬ್ರರಿ ಇದೆ. ಅದರ ಫೋಟೋ ಎಲ್ಲರೂ ತೆಗೆದುಕೊಳ್ಳುತ್ತಾರೆ. ಅದೇ ಸಾಲಿನಲ್ಲಿ ಬಣ್ಣ ಹೋಗಿ, ಅಲ್ಲಲ್ಲಿ ಬಾಲ್ಕನಿ ಕಳಚಿಕೊಂಡು ನಿಂತಿರುವ ಐದು ಅಂತಸ್ತಿನ ಇನ್ನೊಂದು ಕಟ್ಟಡ ಇದೆ. ಅದರ ಕಡೆ ಯಾರೂ ಕ್ಯಾಮೆರಾ ತಿರುಗಿಸುವುದಿಲ್ಲ. ನನ್ನ ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆಯೇ.

ಈಗಿನ ಹೆಸರು ಎಸ್ಪ್ಲನೇಡ್ ಮ್ಯಾನ್ಷನ್. ಹುಟ್ಟಿದಾಗಿನ ಹೆಸರು ವಾಟ್ಸನ್ಸ್ ಹೋಟೆಲ್. ಬೀಡು ಕಬ್ಬಿಣ ಅಂದರೆ ಕರಗಿಸಿ ಅಚ್ಚಿನಲ್ಲಿ ಎರಕ ಹೊಯ್ದ ಕಬ್ಬಿಣ. ಅದರ ಚೌಕಟ್ಟಿನ ಮೇಲೆ ನಿಂತ ಬಹುಮಹಡಿ ಕಟ್ಟಡಗಳಲ್ಲಿ ನಮ್ಮ ದೇಶದಲ್ಲಿ ಉಳಿದಿರುವ ಅತಿ ಹಳೆಯದು ಇದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1860ರ ದಶಕದ ಬೊಂಬಾಯಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದೆ, 1861ರಿಂದ 1865ರವರೆಗೆ. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಹೋಗುವುದು ನಿಂತುಹೋಗಿದೆ. ಹಾಗಾಗಿ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ. ಬೊಂಬಾಯಿಯಲ್ಲಿ ದುಡ್ಡು ಸುರಿಯುತ್ತಿದೆ. ಅದೇ ಹೊತ್ತಿಗೆ ಗವರ್ನರ್ ಬಾರ್ಟಲ್ ಫ್ರೇರ್ ಹಳೆಯ ಕೋಟೆ ಗೋಡೆಗಳನ್ನು ಕೆಡವಿಸುತ್ತಾರೆ. ಗೋಡೆಯ ಆಚೆ ಇದ್ದ ಬಯಲಿಗೆ ಎಸ್ಪ್ಲನೇಡ್ ಅನ್ನುತ್ತಿದ್ದರು. ಅಲ್ಲಿ ಸೈಟುಗಳು ಹರಾಜಿಗೆ ಬರುತ್ತವೆ. ಜಾನ್ ವಾಟ್ಸನ್ ಅನ್ನುವ ಇಂಗ್ಲಿಷ್ ಜವಳಿ ವ್ಯಾಪಾರಿ ಒಂದು ಸೈಟು ಹಿಡಿಯುತ್ತಾರೆ.

ಆಗ ಈ ಊರಲ್ಲಿ ದೊಡ್ಡ ಕಟ್ಟಡ ಅಂದರೆ ಕಲ್ಲು. ಸುತ್ತಮುತ್ತಲ ಕ್ವಾರಿಗಳಲ್ಲಿ ಒಳ್ಳೆ ಕಲ್ಲು ಸಿಗುತ್ತಿತ್ತು. ಕೆಲಸ ಬಲ್ಲ ಕಲ್ಲುಕುಟಿಗರೂ ಇದ್ದರು. ವಾಟ್ಸನ್ ಮಾತ್ರ ಬೇರೆ ದಾರಿ ಹಿಡಿದರು. ರೋಲಂಡ್ ಮೇಸನ್ ಆರ್ಡಿಶ್ ಅನ್ನುವ ಎಂಜಿನಿಯರ್ ಕೈಯಲ್ಲಿ ವಿನ್ಯಾಸ ಮಾಡಿಸಿದರು.

ಆರ್ಡಿಶ್ ಹೆಸರು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅವರ ಕೆಲಸ ಮಾತ್ರ ಪ್ರಪಂಚಕ್ಕೇ ಗೊತ್ತು. 1851ರಲ್ಲಿ ಲಂಡನ್ನಿನಲ್ಲಿ ಎದ್ದ ಗಾಜು ಮತ್ತು ಕಬ್ಬಿಣದ ಕ್ರಿಸ್ಟಲ್ ಪ್ಯಾಲೇಸ್‌ಗೆ ಅವರು ಕೆಲಸ ಮಾಡಿದ್ದರು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲ್ವೆ ಸ್ಟೇಷನ್ನಿನ ಚಾವಣಿ ನೋಡಿ. ಮಧ್ಯೆ ಒಂದು ಕಂಬವೂ ಇಲ್ಲದೆ 240 ಅಡಿ ಅಗಲಕ್ಕೆ ಹರಡಿದೆ. ಅದರಲ್ಲಿ ಎಂಜಿನಿಯರ್ ವಿಲಿಯಂ ಬಾರ್ಲೋ ಜೊತೆ ಕೈಜೋಡಿಸಿದವರು ಇವರೇ. ಥೇಮ್ಸ್ ಮೇಲಿನ ಆಲ್ಬರ್ಟ್ ಸೇತುವೆ ಕೂಡ ಇವರದೇ. ಸೇತುವೆ ಮತ್ತು ಚಾವಣಿ ಕಟ್ಟುವ ಮನುಷ್ಯ ಹೋಟೆಲ್ ಕಟ್ಟಿದರೆ ಹೇಗಿರುತ್ತದೆ? ಅದನ್ನು ನೋಡಬೇಕಿದ್ದರೆ ಇಲ್ಲಿಗೇ ಬರಬೇಕು.

ಕಟ್ಟಡದ ಕಂಬ, ತೊಲೆ, ಬ್ರಾಕೆಟ್ಟು, ಕಟಾಂಜನ ಎಲ್ಲ ಇಂಗ್ಲೆಂಡಿನಲ್ಲಿ ತಯಾರಾದದ್ದು. ಅವನ್ನು ಹಡಗಿಗೆ ತುಂಬಿಸಿ ಇಲ್ಲಿಗೆ ಕಳಿಸಿದರು. ಸೂಯೆಜ್ ಕಾಲುವೆ ತೆರೆದದ್ದು 1869ರ ನವೆಂಬರ್‌ನಲ್ಲಿ. ಈ ಕಬ್ಬಿಣ ಅದಕ್ಕೂ ಮೊದಲೇ ಬಂದದ್ದು. ಅಂದರೆ ಆಫ್ರಿಕಾ ಖಂಡವನ್ನು ಪೂರ್ತಿ ಸುತ್ತಿ ಬಂದಿರಬೇಕು! ಬಂದ ಮೇಲೆ ಒಂದೊಂದೇ ತುಂಡು ಜೋಡಿಸಿ ಬಿಗಿದು ಮೇಲೆತ್ತಿದರು. 1871ರಲ್ಲಿ ಹೋಟೆಲ್ ತೆರೆಯಿತು.

ಈ ಭಾಗವನ್ನು ಸ್ವಲ್ಪ ಗಮನವಿಟ್ಟು ಕೇಳಿ. ಕಟ್ಟಡದ ಜೀವ ಇರುವುದೇ ಇಲ್ಲಿ.

ಹಳೆಯ ಕಾಲದ ಕಟ್ಟಡದಲ್ಲಿ ಭಾರ ಹೊರುವುದು ಗೋಡೆ. ಮೇಲಿನ ಮಹಡಿ, ಚಾವಣಿ ಎಲ್ಲದರ ಭಾರ ಗೋಡೆ ಮೂಲಕವೇ ನೆಲಕ್ಕೆ ಇಳಿಯಬೇಕು. ಮಹಡಿ ಹೆಚ್ಚಿದಷ್ಟೂ ಕೆಳಗಿನ ಗೋಡೆ ದಪ್ಪ ಆಗಬೇಕು. ದೊಡ್ಡ ಕಿಟಕಿ ಇಡಲು ಹೆದರಬೇಕು. ಇಲ್ಲಿ ಹಾಗಿಲ್ಲ. ಇಲ್ಲಿ ಭಾರ ಹೊರುವುದು ಕಬ್ಬಿಣದ ಚೌಕಟ್ಟು. ನಡುವೆ ಇರುವ ಇಟ್ಟಿಗೆ ಸುಮ್ನೆ ಮರೆಗೆ, ಮಳೆ ಗಾಳಿ ತಡೆಯುವುದಕ್ಕೆ. ಆ ಇಟ್ಟಿಗೆಯ ಭಾರವನ್ನೂ ಕಬ್ಬಿಣವೇ ಹೊತ್ತಿದೆ. ಇವತ್ತು ನಮ್ಮ ಬಡಾವಣೆಗಳಲ್ಲಿ ಏಳುವ ಅಪಾರ್ಟ್‌ಮೆಂಟು ನೋಡಿ. ಮೊದಲು ಕಾಂಕ್ರೀಟಿನ ಪಿಲ್ಲರ್, ಬೀಮ್ ಎದ್ದು ನಿಲ್ಲುತ್ತವೆ. ಆಮೇಲೆ ನಡುವೆ ಬ್ಲಾಕು ತುಂಬುತ್ತಾರೆ. ಅದೇ ಲೆಕ್ಕ. ಶಿಕಾಗೋದ ಹೋಮ್ ಇನ್ಶೂರೆನ್ಸ್ ಬಿಲ್ಡಿಂಗನ್ನು ಪ್ರಪಂಚದ ಮೊದಲ ಗಗನಚುಂಬಿ ಅಂತ ಕರೆಯುವವರು ಬಹಳ ಜನ. ಅದು ಎದ್ದದ್ದು 1885ರಲ್ಲಿ. ಅದಕ್ಕಿಂತ ಹತ್ತು ವರ್ಷಕ್ಕೂ ಮೊದಲೇ ಬೊಂಬಾಯಿಯಲ್ಲಿ ಜನ ಕಬ್ಬಿಣದ ಚೌಕಟ್ಟಿನ ಐದು ಅಂತಸ್ತಿನಲ್ಲಿ ಮಲಗಿ ಏಳುತ್ತಿದ್ದರು.

ಬೀಡು ಕಬ್ಬಿಣಕ್ಕೆ ಒಂದು ಸ್ವಭಾವ ಇದೆ. ಮೇಲಿಂದ ಹೇರಿದ ಭಾರವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಎಳೆತ ಬಿದ್ದರೆ ತಾಳುವುದಿಲ್ಲ. ಬಗ್ಗುವುದೂ ಇಲ್ಲ, ಪಟ್ಟನೆ ಒಡೆಯುತ್ತದೆ. ಹಾಗಾಗಿ ಕಂಬಕ್ಕೆ ಅದು ಹೇಳಿ ಮಾಡಿಸಿದ ವಸ್ತು. ತೊಲೆಗೆ ಬಳಸುವಾಗ ಲೆಕ್ಕ ಹಾಕಿ ಬಳಸಬೇಕು. ಇನ್ನೊಂದು ಗುಣ, ಅಚ್ಚಿನಲ್ಲಿ ಯಾವ ಆಕಾರಕ್ಕೆ ಬೇಕಾದರೂ ಸುರಿಯಬಹುದು. ಒಂದು ಮರದ ಮಾದರಿ ಮಾಡಿಕೊಂಡರೆ ಅದರಿಂದ ನೂರು ಕಂಬ. ಅಲಂಕಾರವೂ ಅದರಲ್ಲೇ ಬಂದುಬಿಡುತ್ತದೆ, ಮತ್ತೆ ಕೆತ್ತಬೇಕಿಲ್ಲ.

ಈ ಬಗೆಯ ಕಬ್ಬಿಣ ನಮಗೆ ಹೊಸದೇನಲ್ಲ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಅದಕ್ಕೂ ಮಾದರಿ ಕ್ರಿಸ್ಟಲ್ ಪ್ಯಾಲೇಸೇ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತು ತಲೆಯೆತ್ತಿ ಬಣ್ಣದ ಗಾಜು ನೋಡಿದ್ದೀರಿ ಅಲ್ವಾ? ಆ ಗಾಜನ್ನು ಹೊತ್ತಿರುವ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದವು. ಅಲ್ಲಿ ಕಬ್ಬಿಣ ಹೊತ್ತಿರುವುದು ಒಂದು ಚಾವಣಿಯನ್ನು. ಇಲ್ಲಿ ಹೊತ್ತಿರುವುದು ಒಂದು ಇಡೀ ಹೋಟೆಲನ್ನು.

ಒಳಗಿನ ಜೋಡಣೆ ಒಂದು ಥರ ನಮ್ಮ ತೊಟ್ಟಿಮನೆಯದು. ನಡುವೆ ಸುಮಾರು 30 ಮೀಟರ್ ಉದ್ದ, 9 ಮೀಟರ್ ಅಗಲದ ಅಂಗಳ. ಅದರ ಮೇಲೆ ಗಾಜಿನ ಚಾವಣಿ. ಸುತ್ತಲೂ ಮಹಡಿ ಮಹಡಿಗೂ ಕೋಣೆಗಳು, ಒಟ್ಟು 130. ಆ ಅಂಗಳವೇ ಹಿಂದೆ ನೃತ್ಯದ ಹಾಲ್ ಆಗಿತ್ತು. ಕೆಳಗಿನ ಅಂತಸ್ತಿನಲ್ಲಿ ಲಾಬಿ, ರೆಸ್ಟೋರೆಂಟು, ಬಾರು. ಹೊರಗಡೆ ಪ್ರತಿ ಅಂತಸ್ತಿನಲ್ಲೂ ಅಗಲವಾದ ಬಾಲ್ಕನಿ. ಬೊಂಬಾಯಿಯ ಬಿಸಿಲು, ಮಳೆ ಎರಡಕ್ಕೂ ಉತ್ತರ ಅದು. ಗೋಡೆಗೆ ನೇರ ಬಿಸಿಲು ಬೀಳುವುದಿಲ್ಲ, ಕಿಟಕಿ ತೆರೆದಿಟ್ಟರೂ ಎರಚಲು ಒಳಗೆ ಬರುವುದಿಲ್ಲ. ಅಂಗಳದಿಂದ ಬಿಸಿ ಗಾಳಿ ಮೇಲಕ್ಕೆ ಏಳುತ್ತದೆ, ಬಾಲ್ಕನಿ ಕಡೆಯಿಂದ ತಣ್ಣನೆಯದು ಒಳಕ್ಕೆ ಬರುತ್ತದೆ. ಕಬ್ಬಿಣ ಇಂಗ್ಲೆಂಡಿನದಾದರೂ ಯೋಚನೆ ಈ ಊರಿನ ಹವೆಗೆ ತಕ್ಕದ್ದು. ನನಗೆ ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಇನ್ನು ಇಷ್ಟವಾಗದ್ದೂ ಹೇಳಬೇಕು. ಇದು ಯುರೋಪಿಯನ್ನರ ಹೋಟೆಲ್. ಭಾರತೀಯರು ಇಲ್ಲಿ ಕೆಲಸಕ್ಕೆ ಬರಬಹುದಿತ್ತು, ಅತಿಥಿಯಾಗಿ ಅಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1896ರ ಜನವರಿಯಲ್ಲಿ ಉಪನ್ಯಾಸ ಪ್ರವಾಸಕ್ಕೆ ಬಂದಾಗ ಇಲ್ಲಿ ಇಳಿದುಕೊಂಡಿದ್ದರು. ಬಾಲ್ಕನಿ ಕಟಾಂಜನದ ಮೇಲೆ ಬಂದು ಕೂರುತ್ತಿದ್ದ ಕಾಗೆಗಳ ಬಗ್ಗೆ ಅವರು ಬರೆದದ್ದು ಬಹಳ ಪ್ರಸಿದ್ಧ. ಎಲ್ಲರೂ ಆ ಕಾಗೆಯ ಕಥೆ ಹೇಳಿ ಮುಂದೆ ಹೋಗುತ್ತಾರೆ. ಅದೇ ಬರಹದಲ್ಲಿ ಇನ್ನೊಂದು ಸಂಗತಿ ಇದೆ. ಹೋಟೆಲಿನಲ್ಲಿ ಒಬ್ಬ ಯುರೋಪಿಯನ್ ಏನೋ ಸಣ್ಣ ಕಾರಣಕ್ಕೆ ಭಾರತೀಯ ಆಳಿನ ಕೆನ್ನೆಗೆ ಹೊಡೆಯುತ್ತಾನೆ. ಆ ಆಳು ತುಟಿ ಪಿಟಕ್ಕೆನ್ನದೆ ಸಹಿಸಿಕೊಳ್ಳುತ್ತಾನೆ. ಅದನ್ನು ನೋಡಿದ ಟ್ವೇನ್‌ಗೆ ತಾವು ಹುಡುಗನಾಗಿದ್ದಾಗ ಅಮೆರಿಕದಲ್ಲಿ ಕಂಡ ಗುಲಾಮರ ನೆನಪಾಗುತ್ತದೆ. ಈ ಕಟ್ಟಡದ ಚರಿತ್ರೆಯಲ್ಲಿ ಆ ಹೆಸರಿಲ್ಲದ ಆಳಿಗೂ ಜಾಗ ಇರಬೇಕು.

ಅದೇ 1896ರ ಜುಲೈ 7. ಚಲಿಸುವ ಚಿತ್ರ ತೆಗೆದು ತೋರಿಸುವ ಯಂತ್ರ ಮಾಡಿದ ಫ್ರಾನ್ಸಿನ ಲೂಮಿಯೇರ್ ಸಹೋದರರ ಪ್ರತಿನಿಧಿ ಮಾರಿಯಸ್ ಸೆಸ್ಟಿಯೇ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಬೊಂಬಾಯಿಯಲ್ಲಿ ಇಳಿದಿದ್ದರು. ಅವತ್ತು ಸಂಜೆ ವಾಟ್ಸನ್ಸ್ ಹೋಟೆಲಿನಲ್ಲಿ ಚಲಿಸುವ ಚಿತ್ರಗಳ ಪ್ರದರ್ಶನ ನಡೆಯಿತು. ಟಿಕೆಟ್ ಒಂದು ರೂಪಾಯಿ. ಸ್ಟೇಷನ್ನಿಗೆ ರೈಲು ಬರುವುದು, ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು, ಹೀಗೆ ಆರು ಪುಟ್ಟ ಚಿತ್ರಗಳು. ಪ್ಯಾರಿಸ್ಸಿನಲ್ಲಿ ಜನ ಇದನ್ನು ದುಡ್ಡು ಕೊಟ್ಟು ಮೊದಲು ನೋಡಿದ್ದು 1895ರ ಡಿಸೆಂಬರ್‌ನಲ್ಲಿ. ಏಳು ತಿಂಗಳೊಳಗೆ ಇಲ್ಲಿಗೆ ಬಂದಿತ್ತು. ಸ್ವಲ್ಪ ದಿನದಲ್ಲೇ ಪ್ರದರ್ಶನ ನಾವೆಲ್ಟಿ ಥಿಯೇಟರಿಗೆ ಹೋಯಿತು. ಅಲ್ಲಿ ಊರಿನ ಜನವೂ ನೋಡಿದರು. ನಮ್ಮ ದೇಶದ ಸಿನಿಮಾ ಕಥೆ ಶುರುವಾದ ಜಾಗ ಇದು. ಸಿನಿಮಾ ಅಂದರೆ ಪ್ರಾಣ ಬಿಡುವ ನಾವು ಈ ಕಟ್ಟಡವನ್ನು ಹೀಗೆ ಬಿಟ್ಟಿದ್ದೇವೆ ಅನ್ನುವುದು ನನಗೆ ಬಹಳ ನೋವಿನ ವಿಷಯ.

ಜಮ್ಶೆಡ್‌ಜಿ ಟಾಟಾ ಅವರನ್ನು ಇಲ್ಲಿ ಒಳಗೆ ಬಿಡಲಿಲ್ಲ, ಆ ಸಿಟ್ಟಿಗೆ ಅವರು ತಾಜ್ ಹೋಟೆಲ್ ಕಟ್ಟಿಸಿದರು ಅನ್ನುವ ಕಥೆ ನೀವೂ ಕೇಳಿರುತ್ತೀರಿ. ಅದನ್ನು ಅನೇಕ ಇತಿಹಾಸಕಾರರು ಒಪ್ಪುವುದಿಲ್ಲ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂದು ಊರಿನ ಹೆಸರೇ ಕೆಟ್ಟಿತ್ತು. ಆ ಹೊತ್ತಿನಲ್ಲಿ ಊರಿನ ಮೇಲೆ ನಂಬಿಕೆ ಇಟ್ಟು ಅಷ್ಟು ದೊಡ್ಡ ಹೋಟೆಲ್ ಕಟ್ಟಿಸಿದ್ದು ಸಿಟ್ಟಿಗಿಂತ ದೊಡ್ಡ ವಿಷಯ ಅಂತ ನನಗೆ ಅನ್ನಿಸುತ್ತದೆ. ಏನೇ ಇರಲಿ, 1903ರ ಡಿಸೆಂಬರ್‌ನಲ್ಲಿ ತಾಜ್ ತೆರೆದ ಮೇಲೆ ವಾಟ್ಸನ್ಸ್ ಮಂಕಾಯಿತು.

ಹೋಟೆಲ್ ಮುಚ್ಚಿತು, ಮಾಲೀಕರು ಬದಲಾದರು, ಹೆಸರು ಬದಲಾಯಿತು. ಕೋಣೆಗಳಿಗೆ ಅಡ್ಡಗೋಡೆ ಹಾಕಿ ಸಣ್ಣ ಸಣ್ಣ ಗೂಡು ಮಾಡಿ ಬಾಡಿಗೆಗೆ ಕೊಟ್ಟರು. ಪಕ್ಕದಲ್ಲೇ ಕೋರ್ಟು ಇರುವುದರಿಂದ ವಕೀಲರ ಆಫೀಸುಗಳು ತುಂಬಿದವು. ಝೆರಾಕ್ಸ್ ಅಂಗಡಿ, ಟೈಪಿಂಗ್ ಟೇಬಲ್ಲು, ಸಂಸಾರಗಳು. ಒಂದು ಕಾಲದ ನೃತ್ಯದ ಅಂಗಳಕ್ಕೆ ಕಸ ಬೀಳತೊಡಗಿತು. ಇದರಲ್ಲಿ ಬಾಡಿಗೆದಾರರನ್ನು ಮಾತ್ರ ಬೈಯುವುದು ಸರಿಯಲ್ಲ. ಸ್ವಾತಂತ್ರ್ಯ ಬಂದ 1947ರಲ್ಲೇ ಬಂದ ಬೊಂಬಾಯಿಯ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಡ ಬಾಡಿಗೆದಾರರಿಗೆ ಅದು ಆಸರೆಯಾಯಿತು, ನಿಜ. ಆದರೆ ದಶಕಗಟ್ಟಲೆ ಅದೇ ಬಾಡಿಗೆ ಬಂದರೆ ಮಾಲೀಕ ರಿಪೇರಿಗೆ ಕೈ ಹಾಕುತ್ತಾನಾ? ದಕ್ಷಿಣ ಮುಂಬೈನ ಎಷ್ಟೋ ಹಳೆಯ ಕಟ್ಟಡಗಳು ಹೀಗೇ ಸೊರಗಿದವು.

ಕಬ್ಬಿಣಕ್ಕೆ ನೀರೇ ಶತ್ರು. ಪೈಪು ಸೋರುತ್ತದೆ, ಚಾವಣಿ ಸೋರುತ್ತದೆ, ಜೊತೆಗೆ ಸಮುದ್ರದ ಉಪ್ಪು ಗಾಳಿ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದಾಗ ಪಕ್ಕದ ಇಟ್ಟಿಗೆಯನ್ನು ಒಡೆಯುತ್ತದೆ. ಒಡೆದ ಕಡೆ ಇನ್ನಷ್ಟು ನೀರು ಇಳಿಯುತ್ತದೆ. 2005ರಲ್ಲಿ ರೆಂಜೊ ಪಿಯಾನೊ ಅವರಂಥ ದೊಡ್ಡ ವಾಸ್ತುಶಿಲ್ಪಿಯ ಒತ್ತಾಯದಿಂದ ಇದು ಹಳೆಯ ಸ್ಮಾರಕಗಳನ್ನು ಉಳಿಸಲು ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನುವ ಸಂಸ್ಥೆಯ ಅಪಾಯದಲ್ಲಿರುವ 100 ಸ್ಮಾರಕಗಳ ಪಟ್ಟಿಗೆ ಸೇರಿತು. ಅದೇ ವರ್ಷ ಜುಲೈನಲ್ಲಿ ಪಶ್ಚಿಮದ ಬಾಲ್ಕನಿಗಳು ಕುಸಿದು ಒಬ್ಬರು ಸತ್ತರು. 2018ರಲ್ಲಿ ಮತ್ತೆ ಒಂದು ಭಾಗ ಬಿತ್ತು. 2019ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಎಲ್ಲರನ್ನೂ ಖಾಲಿ ಮಾಡಿಸಿದರು. ಐಐಟಿ ಬಾಂಬೆಯ ವರದಿ ಕೆಡವುವುದೇ ಸರಿ ಅಂದಿತು. ಪರಂಪರೆ ಉಳಿಸುವವರು ಬೇಡ ಅಂದರು.

ಜನ ಓಡಾಡುವ ರಸ್ತೆಯ ಮೇಲೆ ಒಂದು ಪ್ರಾಣ ಹೋಗಿದೆ. ಹಾಗಾಗಿ ಅಪಾಯ ಇದೆ ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಈ ಕಟ್ಟಡ ಹೇಗೆ ಬಂತು ಅನ್ನುವುದನ್ನು ಯೋಚಿಸಿ. ಬಿಡಿಬಿಡಿಯಾಗಿ ಬಂತು. ಒಂದೇ ಅಚ್ಚಿನ ಕಂಬಗಳು, ಒಂದೇ ಅಚ್ಚಿನ ಬ್ರಾಕೆಟ್ಟುಗಳು. ಚೆನ್ನಾಗಿರುವ ಒಂದು ಬ್ರಾಕೆಟ್ ಇಳಿಸಿ ಅದರಿಂದ ಮಾದರಿ ಮಾಡಿಕೊಂಡರೆ ಹೋಗಿರುವ ಬ್ರಾಕೆಟ್ಟುಗಳನ್ನೆಲ್ಲ ಹೊಸದಾಗಿ ಎರಕ ಹೊಯ್ಯಬಹುದು. ಆ ಕೆಲಸ ಬಲ್ಲ ಫೌಂಡ್ರಿಗಳು ಕೊಲ್ಹಾಪುರದಲ್ಲಿವೆ, ನಮ್ಮ ಬೆಳಗಾವಿಯಲ್ಲೂ ಇವೆ. ಬಿರುಕು ಬಿಟ್ಟ ಬೀಡು ಕಬ್ಬಿಣವನ್ನು ಕಾಯಿಸದೆ, ಲೋಹದ ಹೊಲಿಗೆ ಹಾಕಿ ಕೂಡಿಸುವ ವಿದ್ಯೆಯೂ ಇದೆ. ಆಮೇಲೆ ತುಂಬಿದ ಅಡ್ಡಗೋಡೆಗಳನ್ನು ತೆಗೆದು ಭಾರ ಇಳಿಸಬೇಕು. ಕಲ್ಲಿನ ಕಟ್ಟಡಕ್ಕಿಂತ ಇದನ್ನು ರಿಪೇರಿ ಮಾಡುವ ದಾರಿ ಸ್ಪಷ್ಟವಾಗಿದೆ. ದುಡ್ಡು ಬೇಕು, ತಾಳ್ಮೆ ಬೇಕು, ಮಾಲೀಕರು ಮತ್ತು ಸರ್ಕಾರ ಒಟ್ಟಿಗೆ ಕೂರಬೇಕು. ಇಂಗ್ಲೆಂಡಿನ ಶೀರ್ನೆಸ್ ಬಂದರಿನಲ್ಲಿ 1860ರ ಕಬ್ಬಿಣದ ಚೌಕಟ್ಟಿನ ದೋಣಿಶಾಲೆ ಈಗಲೂ ನಿಂತಿದೆ. ಅದನ್ನು ಕೆಡವುವ ಮಾತು ಅಲ್ಲಿ ಯಾರೂ ಆಡುವುದಿಲ್ಲ.

ಮುಂಬೈಗೆ ಬಂದರೆ ಚರ್ಚ್‌ಗೇಟ್ ಸ್ಟೇಷನ್ನಿನಿಂದ ಇಲ್ಲಿಗೆ ನಡೆದೇ ಬರಬಹುದು. ಒಳಗೆ ಹೋಗಲು ನೋಡಬೇಡಿ, ಬಾಲ್ಕನಿ ಕೆಳಗೂ ನಿಲ್ಲಬೇಡಿ. ಎದುರಿನ ಫುಟ್‌ಪಾತಿನಿಂದ ನೋಡಿ. ಮೊದಲು ಕೆಳಗಿನ ಅಂತಸ್ತಿನ ಒಂದು ಕಂಬದ ಮೇಲೆ ಕಣ್ಣಿಡಿ. ಅದೇ ಗೆರೆಯಲ್ಲಿ ಕಣ್ಣನ್ನು ಮೇಲಕ್ಕೆ ಒಯ್ಯಿರಿ. ಅಂತಸ್ತಿನಿಂದ ಅಂತಸ್ತಿಗೆ ಕಂಬದ ಮೇಲೆ ಕಂಬ ಕೂತಿರುವುದು, ನಡುವಿನ ಇಟ್ಟಿಗೆ ಹಿಂದೆ ಸರಿದು ನಿಂತಿರುವುದು ಗೊತ್ತಾಗುತ್ತದೆ. ಬೆಳಗ್ಗೆ ಎಂಟರ ಮೊದಲು ಬಂದರೆ ಟ್ರಾಫಿಕ್ ಕಡಿಮೆ, ನಿಂತು ನೋಡಲು ಅನುಕೂಲ.