ಡಾಲ್ಟನ್ ಕಂಡ ಹೂವು

ಕೇಳುಗರಿಗೆ ನಮಸ್ಕಾರ.

ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ಒಂದನ್ನು ಆರಿಸಿದ ಮೇಲೆ ನಮ್ಮಮ್ಮ ಅದರ ಸೆರಗು ಹಿಡಿದು ಬಾಗಿಲಿಗೆ ಬರುತ್ತಿದ್ದರು. "ಟ್ಯೂಬ್‌ಲೈಟಿನಲ್ಲಿ ಬಣ್ಣ ನಂಬಬಾರದು, ಬಿಸಿಲಿಗೆ ಹಿಡಿದು ನೋಡಬೇಕು" ಅನ್ನುತ್ತಿದ್ದರು. ಅವರ ಮಾತು ಸರಿ. ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಲ್ಲೇ ಒಂದಿಷ್ಟನ್ನು ನಮ್ಮ ಕಣ್ಣಿಗೆ ಕಳಿಸುತ್ತದೆ. ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ.

ಆದರೆ ಕಣ್ಣೇ ಬೇರೆಯಾದರೆ?

ಪರಮಾಣುವಿನ ಪಾಠದಲ್ಲಿ ಬರುವ ಜಾನ್ ಡಾಲ್ಟನ್ ಗೊತ್ತಲ್ವಾ? ಇಂಗ್ಲೆಂಡಿನವರು. 1792ರಲ್ಲಿ ಒಂದು ರಾತ್ರಿ ಮೇಣದ ಬತ್ತಿಯ ಬೆಳಕಲ್ಲಿ ಜೆರೇನಿಯಂ ಹೂವನ್ನು ನೋಡಿದರು. ಹೂವು ಅವರಿಗೆ ಕೆಂಪಗೆ ಕಂಡಿತು. ಹಗಲಲ್ಲಿ ಅದೇ ಹೂವು ಅವರಿಗೆ ಆಕಾಶದ ಹಾಗೆ ನೀಲಿಯಾಗಿ ಕಾಣುತ್ತಿತ್ತು! ಸ್ನೇಹಿತರನ್ನು ಕರೆದು ತೋರಿಸಿದರು. ಅವರಿಗೆಲ್ಲ ಆ ಹೂವು ಹಗಲೂ ರಾತ್ರಿಯೂ ಹೆಚ್ಚುಕಮ್ಮಿ ಒಂದೇ ಥರ. ಡಾಲ್ಟನ್ ಅವರ ಅಣ್ಣನಿಗೆ ಮಾತ್ರ ತಮ್ಮನಿಗೆ ಕಂಡಂತೆಯೇ ಕಂಡಿತು. ಆಗ ಡಾಲ್ಟನ್‌ಗೆ ಇಪ್ಪತ್ತಾರರ ಆಸುಪಾಸು. ಅಲ್ಲಿಯವರೆಗೂ 'ಕೆಂಪು', 'ಹಸಿರು' ಎಂಬ ಮಾತುಗಳನ್ನು ಎಲ್ಲರಂತೆ ಆಡಿಕೊಂಡೇ ಬಂದಿದ್ದರು. ಎಲೆಗೆ ಕಂದು ಬಣ್ಣ ಹಚ್ಚಿ ಬೈಸಿಕೊಳ್ಳುವ ಮಕ್ಕಳನ್ನು ನೋಡಿದಾಗ ನನಗೆ ಇದು ನೆನಪಾಗಿ ಸಂಕಟವಾಗುತ್ತದೆ.

1794ರಲ್ಲಿ ಮ್ಯಾಂಚೆಸ್ಟರಿನಲ್ಲಿ ವಿದ್ವಾಂಸರ ಸಭೆಯೊಂದರಲ್ಲಿ ಡಾಲ್ಟನ್ ಇದನ್ನೆಲ್ಲ ಬರೆದು ಓದಿ ಹೇಳಿದರು. ತಮ್ಮ ಕಣ್ಣೊಳಗಿನ ದ್ರವ ನೀಲಿ ಇರಬೇಕು, ಅದು ಕೆಂಪನ್ನು ಹೀರಿಬಿಡುತ್ತದೆ ಎಂದು ಅವರ ಊಹೆ. ಸತ್ತ ಮೇಲೆ ಕಣ್ಣು ತೆಗೆದು ನೋಡಿ ಎಂದು ಹೇಳಿಟ್ಟರು. 1844ರಲ್ಲಿ ಅವರು ತೀರಿಕೊಂಡಾಗ ವೈದ್ಯರು ಒಂದು ಕಣ್ಣಿನ ದ್ರವವನ್ನು ಗಾಜಿಗೆ ಸುರಿದು ನೋಡಿದರು. ತಿಳಿನೀರಿನ ಹಾಗಿತ್ತು. ಊಹೆ ತಪ್ಪಾಯಿತು, ಆದರೆ ಕಣ್ಣನ್ನು ಯಾರೂ ಎಸೆಯಲಿಲ್ಲ.

ಆ ಕಣ್ಣಿನ ಚೂರಿನಿಂದ 1995ರಲ್ಲಿ ಡಿಎನ್‌ಎ ತೆಗೆದು ನೋಡಿದರು. ನಮ್ಮ ಕಣ್ಣಿನ ಹಿಂದಿನ ಪರದೆಯಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ಒಂದೊಂದಕ್ಕೇ ಬಣ್ಣ ತಿಳಿಯುವುದಿಲ್ಲ. ಮೂರೂ ಕಳಿಸಿದ್ದನ್ನು ತೂಗಿ ನೋಡಿ ಮಿದುಳು 'ಇದು ಗುಲಾಬಿ, ಇದು ಹಸಿರು' ಅನ್ನುತ್ತದೆ. ಡಾಲ್ಟನ್‌ಗೆ ನಡುವಿನ ಬಗೆ, ಅಂದರೆ ಹಸಿರಿಗೆ ಜಾಸ್ತಿ ಸ್ಪಂದಿಸುವುದು, ಹುಟ್ಟಿನಿಂದಲೇ ಇರಲಿಲ್ಲ. ಎರಡರಲ್ಲೇ ಲೆಕ್ಕ ಹಾಕಬೇಕಿತ್ತು. ಹಗಲ ಬೆಳಕಲ್ಲಿ ಆ ಹೂವಿನ ನೀಲಿ ಅಂಶವೇ ಅವರಿಗೆ ಎದ್ದು ಕಾಣುತ್ತಿತ್ತು. ಮೇಣದ ಬತ್ತಿಯಲ್ಲಿ ನೀಲಿ ಬೆಳಕು ತೀರಾ ಕಮ್ಮಿ. ಹಾಗಾಗಿ ದೀಪ ಹಚ್ಚಿದ ಕೂಡಲೇ ಅವರ ಪಾಲಿಗೆ ಹೂವಿನ ನೀಲಿ ಹೋಗಿ ಕೆಂಪು ಉಳಿಯುತ್ತಿತ್ತು.

ನಮಸ್ಕಾರ.