ಆವರಣದೊಳಗಿನ ನಗು

ಕೇಳುಗರಿಗೆ ನಮಸ್ಕಾರ.

ಹತ್ತೊಂಬತ್ತನೆಯ ಶತಮಾನದ ಲಂಡನ್ ಪತ್ರಿಕೆಗಳಲ್ಲಿ ಪೊಲೀಸ್ ಕೋರ್ಟಿನ ಸುದ್ದಿಗೆಂದೇ ಒಂದು ಅಂಕಣ ಇರುತ್ತಿತ್ತು. ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರ. ಜೇಬುಗಳ್ಳತನ, ಗಂಡ ಹೆಂಡತಿಯ ಹೊಡೆದಾಟ, ಕುಡಿದು ಬೀದಿಯಲ್ಲಿ ಬಿದ್ದದ್ದು, ಎಲ್ಲವೂ ಒಂದರ ಕೆಳಗೊಂದು. ಆ ಅಂಕಣಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರು ಜೇನ್ ಕೇಕ್‌ಬ್ರೆಡ್. ಕುಡಿದ ಅಪರಾಧಕ್ಕೆ ಈಕೆಗೆ ಸುಮಾರು 280 ಸಲ ಶಿಕ್ಷೆಯಾಯಿತು. ಬದುಕಿದ್ದಾಗಲೇ ಊರಿಗೆಲ್ಲ ಗೊತ್ತಿದ್ದ ಹೆಂಗಸು. ಗೊತ್ತಿದ್ದದ್ದು ಆ ಲೆಕ್ಕದಿಂದ.

ಇಂಥ ಒಬ್ಬಳ ಬದುಕನ್ನು ಹಳೆಯ ಪತ್ರಿಕೆಗಳಿಂದ ಮತ್ತೆ ಕಟ್ಟಲು ಹೊರಟವರಿಗೆ ಮೊದಲ ಕಷ್ಟ ಹೆಸರಿನದೇ. ಬ್ರಿಟನ್ನಿನ ಹಳೆಯ ಪತ್ರಿಕೆಗಳ ಆನ್‌ಲೈನ್ ಭಂಡಾರ 2011ರಲ್ಲಿ ತೆರೆಯಿತು. ಹೆಸರು ಬರೆದು ಹುಡುಕಬಹುದು, ನಿಜ. ಆದರೆ ಪುಟವನ್ನು ಓದುವುದು ಯಂತ್ರ. ಮಸಿ ಹರಡಿದ ಕಡೆ ಅದು ಒಂದು ಅಕ್ಷರವನ್ನು ಇನ್ನೊಂದೆಂದು ಓದುತ್ತದೆ. ಸಾಲಿನ ಕೊನೆಯಲ್ಲಿ ಹೆಸರು ತುಂಡಾಗಿದ್ದರೆ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಆಗ ಹೆಸರು ಬಿಟ್ಟು ಕೋರ್ಟಿನ ಹೆಸರು, ಮ್ಯಾಜಿಸ್ಟ್ರೇಟರ ಹೆಸರು, ಬೀದಿಯ ಹೆಸರು ಹಿಡಿದು ಹೋಗಬೇಕು. ಇನ್ನೊಂದು ಮೋಸ, ಲಂಡನ್ನಿನ ಸುದ್ದಿಯನ್ನು ಬೇರೆ ಊರುಗಳ ಪತ್ರಿಕೆಗಳು ಹಾಗೆಯೇ ಎತ್ತಿ ಹಾಕಿಕೊಳ್ಳುತ್ತಿದ್ದವು. ಐದು ತುಣುಕು ಸಿಕ್ಕವೆಂದು ಐದು ಸಲ ಬಂಧಿಸಿದರು ಎಂದು ಬರೆದುಕೊಂಡರೆ, ನೂರು ವರ್ಷ ಕಳೆದ ಮೇಲೂ ಆಕೆಯ ಮೇಲೆ ಇಲ್ಲದ ಅಪರಾಧ ಹೊರಿಸಿದಂತೆ. ನನಗೆ ಇದು ಸಣ್ಣ ತಪ್ಪೆಂದು ಅನ್ನಿಸುವುದಿಲ್ಲ.

ಈಗ ಅಂಥ ವರದಿಯೊಂದನ್ನು ಹತ್ತಿರದಿಂದ ನೋಡೋಣ. ಕೈದಿಯ ವಯಸ್ಸು, ಅದೂ ವರದಿಯಿಂದ ವರದಿಗೆ ಬದಲಾಗುತ್ತದೆ. ಕಾನ್‌ಸ್ಟೇಬಲ್ ಹೇಳಿದ್ದು ಒಂದು ಸಾಲು. ಆಕೆ ಎದುರಾಡಿದ್ದು ಎರಡು ಸಾಲು. ಅದರ ಪಕ್ಕದಲ್ಲೇ ಆವರಣ ಚಿಹ್ನೆಯೊಳಗೆ ಒಂದೇ ಪದ: (ನಗು). ಕಟಕಟೆಯಲ್ಲಿ ನಿಂತವಳು ಬಾಯಿ ತೆರೆದಾಗ ಕೋರ್ಟಿನಲ್ಲಿದ್ದವರು ನಕ್ಕರು, ವರದಿಗಾರ ಅದನ್ನು ಬರೆದುಕೊಂಡ, ಮಾರನೆಯ ದಿನ ಓದುಗರೂ ನಕ್ಕರು. ಅದೇ ಪ್ರಕರಣ ಕೋರ್ಟಿನ ರಿಜಿಸ್ಟರಿನಲ್ಲಿದ್ದರೆ ಹೆಸರು, ಆರೋಪ, ದಂಡ, ಇಷ್ಟೇ. ಅಲ್ಲಿ ನಗು ಇಲ್ಲ. ಆಕೆಯ ಮಾತೂ ಇಲ್ಲ. ಆಕೆಯ ದನಿ ಹೆಚ್ಚಾಗಿ ಉಳಿದಿರುವುದು ಆಕೆಯನ್ನು ನೋಡಿ ನಕ್ಕವರ ಬರಹದಲ್ಲಿ. ಹಾಗಾಗಿ ಆ ಕಾಗದವನ್ನು ಬಿಸಾಡುವಂತಿಲ್ಲ, ಪೂರ್ತಿ ನಂಬುವಂತೆಯೂ ಇಲ್ಲ.

ನಾನು ಕಂಡುಕೊಂಡ ಒಂದು ದಾರಿ ಇದೆ. ಒಂದು ಕ್ಯಾಲೆಂಡರ್ ಹಾಕಿಕೊಳ್ಳುವುದು. 1872ರ ಕಾಯಿದೆಯಂತೆ ಕುಡಿದು ದಾಂಧಲೆ ಮಾಡಿದವರಿಗೆ ಹೆಚ್ಚೆಂದರೆ 40 ಶಿಲಿಂಗ್ ದಂಡ, ಇಲ್ಲವೇ ಒಂದು ತಿಂಗಳ ಸೆರೆ. ಕೈಯಲ್ಲಿ ಕಾಸಿಲ್ಲದವಳಿಗೆ ಸೆರೆಯೇ ಗತಿ. ಜೈಲಿನ ದಿನಗಳಿಗೆ ಕಪ್ಪು ಬಳಿಯುತ್ತಾ ಹೋದರೆ ನಡುವೆ ಬಿಳಿ ದಿನಗಳು ಉಳಿಯುತ್ತವೆ. ಕೆಲವೊಮ್ಮೆ ಒಂದು ವಾರ, ಕೆಲವೊಮ್ಮೆ ಒಂದೇ ದಿನ. ಪತ್ರಿಕೆಗೆ ಬೇಕಾದದ್ದು ಆಕೆ ಬಿದ್ದ ದಿನ. ಎದ್ದು ನಡೆದ ದಿನ, ಹಸಿದ ದಿನ, ಮಲಗಲು ಮೂಲೆ ಹುಡುಕಿದ ದಿನ ಸುದ್ದಿಯಲ್ಲ. ಸಂಶೋಧನೆ ನಿಜವಾಗಿ ಶುರುವಾಗುವುದು ಆ ಬಿಳಿ ಚೌಕಗಳಲ್ಲಿ.

ಜೇನ್ ವಿಷಯದಲ್ಲಿ ಆ ಚೌಕಗಳಿಗೆ ಒಂದಿಷ್ಟು ಬೆಳಕು ಬೀಳುವುದು ಥಾಮಸ್ ಹೋಮ್ಸ್ ಎಂಬಾತನಿಂದ. ಪೊಲೀಸ್ ಕೋರ್ಟುಗಳಲ್ಲಿ ಕೈದಿಗಳ ಜೊತೆ ನಿಂತು ನೆರವಾಗುತ್ತಿದ್ದ ಮಿಷನರಿ. ಈಕೆಗೆ ಹಿಡಿದಿರುವುದು ಬರೀ ಕುಡಿತದ ಚಟವಲ್ಲ, ಮನಸ್ಸೇ ಕೆಟ್ಟಿದೆ ಎಂದು ಆತ ಹೇಳುತ್ತಾ ಬಂದ. ಲೇಡಿ ಹೆನ್ರಿ ಸಾಮರ್‌ಸೆಟ್ ಎಂಬ ಮದ್ಯಪಾನ ವಿರೋಧಿ ನಾಯಕಿ ಸರ್ರೆಯ ಡಕ್ಸ್‌ಹರ್ಸ್ಟ್‌ನಲ್ಲಿ ಕುಡಿತಕ್ಕೆ ಬಿದ್ದ ಹೆಂಗಸರಿಗಾಗಿ ಒಂದು ನೆಲೆ ಕಟ್ಟಿದ್ದಳು. 1895ರಲ್ಲಿ ಜೇನ್‌ಳನ್ನು ಅಲ್ಲಿಗೆ ಕರೆದೊಯ್ದಳು. ಅಲ್ಲಿ ಆಕೆ ಹೆಚ್ಚು ದಿನ ನಿಲ್ಲಲಿಲ್ಲ. ಮತ್ತೆ ಬೀದಿ, ಮತ್ತೆ ಕಟಕಟೆ. 1896ರಲ್ಲಿ ವೈದ್ಯರು ಬುದ್ಧಿಭ್ರಮಣೆ ಎಂದು ಬರೆದುಕೊಟ್ಟು ಕ್ಲೇಬರಿ ಎಂಬ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಷ್ಟು ಸಲ ಜೈಲಿಗೆ ಹೋಗಿ ಬಂದ ಮೇಲೆ!

1898ರಲ್ಲಿ ಬ್ರಿಟನ್ ಒಂದು ಕಾಯಿದೆ ಮಾಡಿತು. ಕುಡಿತಕ್ಕೆ ಪದೇ ಪದೇ ಸಿಕ್ಕಿಬಿದ್ದವರನ್ನು ಜೈಲಿನ ಬದಲು ಸುಧಾರಣಾಲಯಕ್ಕೆ, ಮೂರು ವರ್ಷದವರೆಗೆ ಕಳಿಸಬಹುದು ಎಂದು. ಅದರ ಚರ್ಚೆಯಲ್ಲಿ ಜನರ ಬಾಯಲ್ಲಿದ್ದ ಉದಾಹರಣೆ ಜೇನ್‌ಳದೇ. ಕಾಯಿದೆ ಜಾರಿಗೆ ಬಂದದ್ದು 1899ರ ಜನವರಿ 1ರಂದು. ಜೇನ್ ಅಷ್ಟರಲ್ಲಿ ಕ್ಲೇಬರಿಯಲ್ಲೇ ತೀರಿಕೊಂಡಿದ್ದಳು.

ನನ್ನ ಕ್ಯಾಲೆಂಡರಿನಲ್ಲಿ ಬಿಳಿ ಚೌಕಗಳು ಇನ್ನೂ ಬಹಳ ಇವೆ. ಅವುಗಳಲ್ಲಿ ಒಂದನ್ನೂ ಊಹೆಯಿಂದ ತುಂಬಿಲ್ಲ. ಹೊಸ ವರದಿ ಸಿಕ್ಕಾಗ ಮೊದಲು ತಾರೀಕು ಬರೆಯುತ್ತೇನೆ, ಆಮೇಲೆ ಆಕೆ ಆಡಿದ ಮಾತು. ಆವರಣದೊಳಗಿನ ಪದವನ್ನೂ ಬಿಡದೆ ಬರೆದಿಡುತ್ತೇನೆ, ಯಾವ ಮಾತಿಗೆ ನಕ್ಕರು ಎಂಬುದರ ಸಮೇತ.

ನಮಸ್ಕಾರ.