ಕೋವಿ ಇಡುವ ಪೆಟ್ಟಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ನಮ್ಮ ಕೊಡವರ ಆಯುಧ ಪೂಜೆಯಾದ ಕೈಲ್‌ಪೊಳ್ದ್ ಹಬ್ಬದ ಮಾರನೇ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಹಬ್ಬದ ದಿನ ಕೋವಿಗಳನ್ನು ಹೊರಗೆ ತೆಗೆದು, ಒರೆಸಿ, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡಿದ್ದೆವು. ಸಂಜೆ ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿಕೈ ಎಂದಿನಂತೆ ಗೋಡೆಯ ಫೋಟೋ ಹಿಂದಿನ ಮೊಳೆಗೆ ಹೋಯಿತು. ಮಾರನೇ ದಿನ ಮಧ್ಯಾಹ್ನ ಏಳು ವರ್ಷದ ಮೊಮ್ಮಗ ಜೋಡಿ ನಳಿಗೆ ಕೋವಿಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಜಗಲಿಗೆ ಬಂದ. "ತಾತಾ, ಹೂವು ಬಿದ್ದುಹೋಗಿದೆ" ಅಂದ.

ಕೋವಿ ಖಾಲಿ ಇತ್ತು. ಆದರೆ ತೋಟಾ ಡಬ್ಬಿ ಅದೇ ಬೀರುವಿನ ಕೆಳಗಿನ ಖಾನೆಯಲ್ಲಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊಡಗಿನಲ್ಲಿ ಕೋವಿ ಇಲ್ಲದ ಹಳೇ ಮನೆ ಅಪರೂಪ. 1959ರ ಆಯುಧ ಕಾಯ್ದೆಯ ಕೆಳಗೆ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಹೀಗಾಗಿ ನಮ್ಮ ಎಷ್ಟೋ ಮನೆಗಳಲ್ಲಿ ಕೋವಿ ಎಲ್ಲಿಟ್ಟಿದ್ದೀರಿ, ಹೇಗಿಟ್ಟಿದ್ದೀರಿ ಎಂದು ಕೇಳುವವರು ಯಾರೂ ಇಲ್ಲ. ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಹಬ್ಬ ಕಳೆದ ವಾರದಲ್ಲೇ ನಾನು ಪೆಟ್ಟಿಗೆ ಹುಡುಕಲು ಹೊರಟೆ. ಕಾಫಿ ದುಡ್ಡು ಆಗಲೇ ಗೊಬ್ಬರಕ್ಕೆ ಹೋಗಿತ್ತು. ಜಾಸ್ತಿ ಖರ್ಚು ಮಾಡುವ ಹಾಗಿರಲಿಲ್ಲ. ಮೊದಲು ತಿಳಿದ ಸಂಗತಿ ನಮ್ಮ ಬೀರುವಿನದ್ದೇ. ಪಕ್ಕದ ಮನೆಯವರ ಬೀರುವಿನ ಕೀಲಿ ತಂದು ಸುಮ್ನೆ ಹಾಕಿ ನೋಡಿದೆ. ಬಾಗಿಲು ತೆರೆಯಿತು! ಸಾಧಾರಣ ಬೀರುಗಳಲ್ಲಿ ಕೀಲಿಯ ಬಗೆಗಳು ಕೆಲವೇ ಕೆಲವು. ಶೀಟು ಸಾಮಾನ್ಯವಾಗಿ 20 ಇಲ್ಲವೇ 22 ಗೇಜಿನದು, ಅಂದರೆ ಒಂದು ಮಿಲಿಮೀಟರಿಗಿಂತ ತೆಳು. ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬಾಗಿಲಿನ ಮೂಲೆ ಬಾಗುತ್ತದೆ.

ಗೇಜ್ ಲೆಕ್ಕ ಕೆಲವರಿಗೆ ಗೊಂದಲ ಮಾಡುತ್ತದೆ. ನಂಬರು ದೊಡ್ಡದಾದಷ್ಟೂ ಶೀಟು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್. 14 ಗೇಜ್ ಎಂದರೆ ಸುಮಾರು 2 ಮಿಲಿಮೀಟರ್. ಬ್ರಿಟನ್ನಿನಲ್ಲಿ ಕೋವಿ ಇಡುವ ಕಪಾಟಿಗೆಂದೇ ಬಿಎಸ್ 7558 ಎಂಬ ಗುಣಮಟ್ಟ ಇದೆ. ಅದು ಕೇಳುವುದು ಕಡಿಮೆ ಎಂದರೂ 2 ಮಿಲಿಮೀಟರ್ ಉಕ್ಕು. ನಾನೂ ಅದನ್ನೇ ಅಳತೆಗೋಲು ಮಾಡಿಕೊಂಡೆ. ಅಂಗಡಿಯವರು "ಗಟ್ಟಿ ಇದೆ ಸಾರ್" ಎಂದರೆ ತೂಕ ಕೇಳಿ. 2 ಮಿಲಿಮೀಟರ್ ಶೀಟು ಒಂದು ಚದರ ಮೀಟರಿಗೆ ಸುಮಾರು 16 ಕಿಲೋ ತೂಗುತ್ತದೆ. ನಾಲ್ಕೂವರೆ ಅಡಿ ಎತ್ತರ, ಒಂದೊಂದು ಅಡಿ ಅಗಲ ಆಳದ ಪೆಟ್ಟಿಗೆ 30 ಕಿಲೋ ಹತ್ತಿರ ಬರಬೇಕು. ಹದಿನೈದು ಕಿಲೋ ಇದ್ದರೆ ಅದು ಬರೀ ತಗಡು.

ಆದರೆ 30 ಕಿಲೋ ಪೆಟ್ಟಿಗೆಯನ್ನು ಇಬ್ಬರು ಹೊತ್ತುಕೊಂಡು ಹೋಗಿ ಜೀಪಿಗೆ ಹಾಕಬಹುದು, ಅಲ್ವಾ? ತೋಟದಲ್ಲಿ ಕೂತು ನಿಧಾನವಾಗಿ ಒಡೆಯಬಹುದು. ಹಾಗಾಗಿ ಕಡಿಮೆ ಬೆಲೆಯ ಪೆಟ್ಟಿಗೆಯ ಅರ್ಧ ಭದ್ರತೆ ಅದನ್ನು ಬಿಗಿದ ಬೋಲ್ಟಿನಲ್ಲಿದೆ. ಪೆಟ್ಟಿಗೆಯ ಒಳಗಿನಿಂದ ಗೋಡೆಗೂ ನೆಲಕ್ಕೂ ಆಂಕರ್ ಬೋಲ್ಟ್ ಹೊಡೆಯಬೇಕು. ಹಳೇ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಮಣ್ಣಿನ ಗೋಡೆಯಲ್ಲಿ ಅದು ಹಿಡಿಯುವುದಿಲ್ಲ, ಮಣ್ಣು ಉದುರಿ ಬೋಲ್ಟ್ ಕೈಗೇ ಬರುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಆಮೇಲೆ ನೆಲ ಅಗೆದು ಕಾಂಕ್ರೀಟ್ ಹಾಕಿಸಿ, ಅದಕ್ಕೆ ನಾಲ್ಕು ಬೋಲ್ಟ್ ಬಿಗಿಸಿದೆ. ಒಂದು ವಾರ ಹೆಚ್ಚಿಗೆ ಹಿಡಿಯಿತು. ಮೂಲೆಯಲ್ಲಿ ಇಡಿಸಿದ್ದರಿಂದ ಬಾಗಿಲಿನ ಒಂದು ಪಕ್ಕಕ್ಕೆ ಹಾರೆ ಹಾಕಲು ಜಾಗವೇ ಇಲ್ಲ.

ಹಾರೆ ಎಂದಾಗ ಇನ್ನೊಂದು ಮಾತು. ಅಮೆರಿಕದಲ್ಲಿ ಮನೆಯ ಕೋವಿ ಪೆಟ್ಟಿಗೆಗಳಿಗೆ ಯುಎಲ್ ಎಂಬ ಸಂಸ್ಥೆಯ ಪರೀಕ್ಷೆ ಇದೆ. ಅದರ ಮೊದಲ ಹಂತದಲ್ಲಿ ಒಬ್ಬ ಮನುಷ್ಯ ಸುತ್ತಿಗೆ, ಸ್ಕ್ರೂಡ್ರೈವರ್, ಮೀಟುಗೋಲಿನಂಥ ಕೈ ಸಾಮಾನು ಹಿಡಿದು ಒಡೆಯಲು ನೋಡುತ್ತಾನೆ. ಐದು ನಿಮಿಷ ತಡೆದರೆ ಪಾಸು. ಪೆಟ್ಟಿಗೆ ನಮಗೆ ಕೊಡುವುದು ಸಮಯ, ಅಷ್ಟೇ. ನಮ್ಮ ತೋಟದ ಮನೆಗಳಲ್ಲಿ ಹಾರೆ, ಕಟಿಂಗ್ ಮಷೀನು ಎಲ್ಲವೂ ಇರುತ್ತವೆ. ಅವನ್ನು ಪೆಟ್ಟಿಗೆಯ ಕೋಣೆಯಿಂದ ದೂರ, ಬೇರೆ ಬೀಗದಲ್ಲಿಡಿ.

ಇನ್ನು ನಂಬರ್ ಒತ್ತುವ, ಬೆರಳಿಡುವ ಅಗ್ಗದ ಲಾಕರುಗಳು. ನೋಡಲು ಚೆಂದ. ಹತ್ತಿರದಿಂದ ನೋಡಿದಾಗ ನನಗೆ ಭಯವಾಯಿತು. ಹಲವು ಪೆಟ್ಟಿಗೆಗಳಲ್ಲಿ ಬಾಗಿಲಿನ ಬೋಲ್ಟನ್ನು ತಡೆದಿರುವುದು ಸ್ಪ್ರಿಂಗಿನ ಮೇಲೆ ನಿಂತ ಒಂದು ಸಣ್ಣ ಕಡ್ಡಿ ಮಾತ್ರ. ಮೇಲಿಂದ ಜೋರಾಗಿ ಗುದ್ದಿ ಅದೇ ಕ್ಷಣ ಹಿಡಿ ತಿರುಗಿಸಿದರೆ ಕಡ್ಡಿ ಕುಣಿದು ಬಾಗಿಲು ಬಿಡುತ್ತದೆ. 2012ರಲ್ಲಿ ಅಮೆರಿಕದ ಬೀಗದ ತಜ್ಞರು ಇಂಥ ಸಣ್ಣ ಪೆಟ್ಟಿಗೆಯೊಂದನ್ನು ಮೂರು ವರ್ಷದ ಮಗುವಿನ ಕೈಯಲ್ಲಿ ತೆರೆಸಿ ತೋರಿಸಿದರು. ಮಗು ಅದನ್ನು ಸ್ವಲ್ಪ ಎತ್ತಿ ಕೆಳಕ್ಕೆ ಬಿಟ್ಟಿತು, ಅಷ್ಟೇ. 2023ರಲ್ಲಿ ಅಲ್ಲಿಯೇ ಬೆರಳಚ್ಚಿನ ಸುಮಾರು 61,000 ಪೆಟ್ಟಿಗೆಗಳನ್ನು ವಾಪಸ್ ಕರೆಸಿಕೊಂಡರು. ಬೆರಳಚ್ಚು ಸರಿಯಾಗಿ ಸೇರಿಸದಿದ್ದರೆ ಅವು ಯಾರ ಬೆರಳಿಗೂ ತೆರೆಯುತ್ತಿದ್ದವು. ಹನ್ನೆರಡು ವರ್ಷದ ಒಬ್ಬ ಹುಡುಗನ ಜೀವ ಹೋಗಿತ್ತು. ಅಲ್ಲೂ ಕೋವಿ ಪೆಟ್ಟಿಗೆಯಲ್ಲೇ ಇತ್ತು.

ನಂಬರ್ ಲಾಕರ್ ತಂದರೆ ಅಂಗಡಿಯ ನಂಬರನ್ನು ಅಂದೇ ಬದಲಾಯಿಸಿ. ಬೇರೆ ನಂಬರ್ ಒತ್ತಿ, ಮನೆಯವರೆಲ್ಲರ ಬೆರಳಿಟ್ಟು, ಮೇಲೆ ಗುದ್ದಿ, ಅಲುಗಿಸಿ ನೋಡಿ. ಎದುರಿನ ಮುಚ್ಚಳದ ಹಿಂದೆ ಬದಲಿ ಕೀಲಿಯ ತೂತು ಇರುತ್ತದೆ. ಆ ಕೀಲಿಯೂ ನಿಮ್ಮ ಕೋವಿಯ ಕೀಲಿಯೇ. ಅದನ್ನು ಪೆಟ್ಟಿಗೆಯ ಮೇಲೇ ಇಟ್ಟವರನ್ನು ನಾನು ಕಂಡಿದ್ದೇನೆ.

ನಾನು ಕೊನೆಗೆ ಊರಿನ ವೆಲ್ಡಿಂಗ್ ಹುಡುಗನ ಹತ್ತಿರ ಪೆಟ್ಟಿಗೆ ಮಾಡಿಸಿದೆ. ಮೈಗೆ 2 ಮಿಲಿಮೀಟರ್, ಬಾಗಿಲಿಗೆ 3. ಅವನು ಕೆಲಸಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು ಕೇಳಿದ, ಹಾಗಾಗಿ ಮೋಸಕ್ಕೆ ಜಾಗ ಇರಲಿಲ್ಲ. ಬೀಗ ಮಾತ್ರ ಒಳ್ಳೇ ಲಿವರ್ ಬೀಗವನ್ನೇ ತಂದುಕೊಟ್ಟೆ. ಬಾಗಿಲಿನ ಚೌಕಟ್ಟಿಗೆ ಒಳಗಡೆ ಆಂಗಲ್ ಹಾಕಿಸಿದೆ, ಮೀಟಿದರೆ ಬಾಗಬಾರದು. ಕೀಲು ಇರುವ ಪಕ್ಕದಲ್ಲೂ ಎರಡು ಗೂಟ ಬೆಸೆಯಲು ಹೇಳಿದೆ. "ಅಣ್ಣಾ, ಅದು ಯಾಕೆ?" ಅಂದ. ಹೊರಗಿನ ಕೀಲನ್ನು ಕತ್ತರಿಸಿದರೂ ಬಾಗಿಲು ಕಳಚಬಾರದು, ಅದಕ್ಕೆ.

ಅಷ್ಟು ಎತ್ತರದ ಪೆಟ್ಟಿಗೆ ಆಗದವರಿಗೆ ಇನ್ನೊಂದು ದಾರಿ ಇದೆ. ಮಡಚುವ ಜೋಡಿ ನಳಿಗೆ ಕೋವಿಯ ನಳಿಗೆ, ಹಿಡಿ ಎರಡನ್ನೂ ಬಿಚ್ಚಿಡಬಹುದು. ಆಗ ಮೂರಡಿ ಪೆಟ್ಟಿಗೆ ಸಾಕು. ಖರ್ಚೂ ಕಡಿಮೆ.

ನಮ್ಮ ಮಳೆ ಬೇರೆ ಇದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಚ್ಚಿದ ಉಕ್ಕಿನ ಪೆಟ್ಟಿಗೆಯಲ್ಲಿ ಕೋವಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಹೆದರಿ ಕೋವಿಯನ್ನು ಅಡುಗೆಮನೆ ಅಟ್ಟಕ್ಕೆ ಏರಿಸುವವರಿದ್ದಾರೆ. ದಯವಿಟ್ಟು ಬೇಡ. ಸಿಲಿಕಾ ಜೆಲ್ ಚೀಲ ಇಡಿ, ಒದ್ದೆಯಾದಾಗ ಬದಲಾಯಿಸಿ. ಬಟ್ಟೆ, ಚರ್ಮದ ಚೀಲದಲ್ಲಿ ಸುತ್ತಬೇಡಿ, ಅವು ನೀರು ಹಿಡಿಯುತ್ತವೆ. ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಇರುವವರು ಮದ್ದಿನ ಪುಡಿಯನ್ನು ಇಂಥ ಬಿಗಿ ಉಕ್ಕಿನ ಪೆಟ್ಟಿಗೆಯಲ್ಲಿ ಇಡಲೇಬಾರದು. ಮನೆಗೆ ಬೆಂಕಿ ಬಿದ್ದರೆ ಅದು ಬಾಂಬಿನಂತೆ ಸಿಡಿಯುತ್ತದೆ.

ಕೀಲಿ ಈಗ ನನ್ನ ಸೊಂಟದ ದಾರದಲ್ಲಿದೆ. ಎರಡನೆಯದು ಪೇಟೆಯ ಬ್ಯಾಂಕ್ ಲಾಕರಿನಲ್ಲಿದೆ. ಅದನ್ನು ತರಲು ಅರ್ಧ ದಿನ ಬೇಕು. ಮನೆಯಲ್ಲಿ ಜಗಳವಾದ ರಾತ್ರಿ, ಕುಡಿದು ತಲೆ ಕೆಟ್ಟ ರಾತ್ರಿ, ಯಾರಿಗೋ ಬದುಕೇ ಬೇಡ ಅನ್ನಿಸಿದ ರಾತ್ರಿ, ಆ ಅರ್ಧ ದಿನ ದೊಡ್ಡದು. ಕಳ್ಳನಿಗಿಂತ ಜಾಸ್ತಿ ನಾನು ಯೋಚಿಸಿದ್ದು ಅದನ್ನೇ. ಮನೆಯಲ್ಲಿ ಯಾರ ಮನಸ್ಸಾದರೂ ಸರಿ ಇಲ್ಲ ಎಂದು ಕಂಡರೆ, ಕೋವಿಯನ್ನು ಕೆಲವು ದಿನ ಮನೆಯಿಂದಲೇ ಹೊರಗೆ ಇಡಿ. ಅದಕ್ಕೆ ಕಾನೂನಿನ ದಾರಿ ಯಾವುದು ಎಂದು ಪೊಲೀಸ್ ಠಾಣೆಯಲ್ಲಿ ಕೇಳಿ.

ಇನ್ನು ಎರಡು ವಾರಕ್ಕೆ ಮತ್ತೆ ಕೈಲ್‌ಪೊಳ್ದ್. ಮೊಮ್ಮಗ ಈಗಿನಿಂದಲೇ ಬೇಲಿಯ ತೋಕ್ ಪೂವನ್ನು ಎಣಿಸುತ್ತಿದ್ದಾನೆ. ಹೂವು ಸಿಕ್ಕಿಸುವ ಕೆಲಸ ಈ ಸಲ ಅವನದೇ ಎಂದು ಹೇಳಿದ್ದೇನೆ. ಕೋವಿ ನನ್ನ ಕೈಯಲ್ಲಿರುತ್ತದೆ.

ನಮಸ್ಕಾರ.